ಮದ್ದಿನ ಎರಡು ಅರ್ಥಗಳು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಔಷಧವೆಂಬ ಅರ್ಥವಿದೆ. ‘ಮದ್ದು ಹಾಕಿದರು’ ಎಂದಾಗ ಅದೇ ಮಾತು ವಿಷಪ್ರಯೋಗವನ್ನು ಸೂಚಿಸುತ್ತದೆ. ಈ ಎರಡು ಅರ್ಥಗಳೂ ಒಂದೇ ವಸ್ತುವಿನಲ್ಲಿ ಕೂಡಿರುವುದನ್ನು ನಾನು ಅರಿತದ್ದು ನಿಘಂಟಿನಿಂದಲ್ಲ, ಕರುಳಿನ ಕ್ಯಾನ್ಸರಿಗಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಆ ವಸ್ತು ಪ್ಲಾಟಿನಂ.

ಇಟಲಿಯ ಮಿಕೇಲೆ ಪೆಯ್ರೋನೆ ಎಂಬ ರಸಾಯನಜ್ಞ 1840ರ ದಶಕದಲ್ಲಿಯೇ ಈ ಲೋಹದ ಹಳದಿ ಸಂಯುಕ್ತವೊಂದನ್ನು ಸಿದ್ಧಪಡಿಸಿದ್ದ. ಅದರ ಗುಣ ನೂರು ವರ್ಷಕ್ಕೂ ಮೀರಿ ಅಜ್ಞಾತವಾಗಿಯೇ ಉಳಿಯಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ಜೀವಕೋಶಗಳ ವಿಭಜನೆಯ ಮೇಲೆ ವಿದ್ಯುತ್ತಿನ ಪ್ರಭಾವವೇನೆಂದು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ಬಿಟ್ಟು ದಾರದಂತೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ವಿದ್ಯುದಗ್ರಗಳಿಂದ ಕರಗಿ ಬಂದಿದ್ದ ಪ್ಲಾಟಿನಂ. ಇದು 1965ರಲ್ಲಿ ಪ್ರಕಟವಾಯಿತು. 1969ರಲ್ಲಿ ಇಲಿಗಳ ಗೆಡ್ಡೆಗಳು ಕರಗಿದ ಸುದ್ದಿ ಬಂತು. ಪೆಯ್ರೋನೆಯ ಸಂಯುಕ್ತವೇ ಸಿಸ್‌ಪ್ಲಾಟಿನ್ ಎಂಬ ಹೆಸರಿನಿಂದ 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ ಅವರು 1974ರಲ್ಲಿ ಇದನ್ನು ಬೇರೆರಡು ಔಷಧಗಳೊಡನೆ ಕೂಡಿಸಿ ಕೊಟ್ಟಾಗ, ದೇಹದಲ್ಲೆಲ್ಲ ಹರಡಿದ ವೃಷಣದ ಕ್ಯಾನ್ಸರು ಕೂಡ ಗುಣವಾಗತೊಡಗಿತು. ತೆತ್ತ ಬೆಲೆಯೂ ಅಲ್ಪವಲ್ಲ. ಎಡೆಬಿಡದ ವಾಂತಿ, ಮೂತ್ರಪಿಂಡಗಳಿಗೆ ಪೆಟ್ಟು, ಕಿವಿಗೆ ಮೊದಲು ತಾರಸ್ವರಗಳ ನಷ್ಟ. ರಕ್ತನಾಳದ ಮೂಲಕ ಉಪ್ಪುನೀರನ್ನು ಧಾರಾಳವಾಗಿ ಹರಿಸಿ ಮೂತ್ರಪಿಂಡಗಳನ್ನು ಕಾಯುವ ಉಪಾಯವನ್ನು ವೈದ್ಯರು ಕಂಡುಕೊಂಡ ಮೇಲೆಯೇ ಮದ್ದು ನೆಲೆನಿಂತದ್ದು.

ಲಂಡನ್ನಿನ ಸಂಶೋಧಕರು ಇನ್ನಷ್ಟು ಸೌಮ್ಯವಾದುದನ್ನು ಅರಸಿದರು. 1986ರಲ್ಲಿ ಬ್ರಿಟನ್ನಿನಲ್ಲಿ ಅನುಮತಿ ಪಡೆದ ಕಾರ್ಬೋಪ್ಲಾಟಿನ್ ಮೂತ್ರಪಿಂಡವನ್ನೂ ಕಿವಿಯನ್ನೂ ಬಹುಮಟ್ಟಿಗೆ ಉಳಿಸಿತು. ಆದರೆ ಮೂಳೆಯ ಮಜ್ಜೆಯನ್ನು ಕಾಡಿ ರಕ್ತದ ಕಿರುಬಿಲ್ಲೆಗಳನ್ನು ಕುಂದಿಸಿತು. ಅಂಡಾಶಯದ ಕ್ಯಾನ್ಸರಿನಲ್ಲಿ ಅದು ಹಳೆಯದಕ್ಕೆ ಸಾಟಿಯಾಯಿತು. ವೃಷಣದ ಕ್ಯಾನ್ಸರು ಹರಡಿದಾಗ ಮಾತ್ರ ಆಗಲಿಲ್ಲ. ಅಲ್ಲಿ ಇಂದಿಗೂ ಕಠೋರವಾದ ಅಣ್ಣನೇ ಬೇಕು.

ಮೂರನೆಯದು ಆಕ್ಸಾಲಿಪ್ಲಾಟಿನ್. ಜಪಾನಿನ ನಗೋಯಾದಲ್ಲಿ ಯೋಶಿನೋರಿ ಕಿದಾನಿ 1976ರಲ್ಲಿ ರೂಪಿಸಿದ ಇದಕ್ಕೆ ಫ್ರಾನ್ಸಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಕರುಳಿನ ಕ್ಯಾನ್ಸರಿಗೆ ಸಲ್ಲುವ ಇದು ಮೂತ್ರಪಿಂಡ, ಕಿವಿಗಳನ್ನು ಬಹುತೇಕ ಬಿಟ್ಟು ನರಗಳನ್ನು ಹಿಡಿಯುತ್ತದೆ. ನನಗೆ ಕೊಟ್ಟದ್ದು ಇದನ್ನೇ. ಮದ್ದು ಏರಿಸಿದ ದಿನಗಳಲ್ಲಿ ತಣ್ಣನೆಯ ಲೋಟ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ತಣ್ಣೀರು ಗಂಟಲಿಗೆ ಮುಳ್ಳಾಗುತ್ತಿತ್ತು.

ವಿಷವನ್ನು ಯಾರೂ ಕಳೆಯಲಿಲ್ಲ. ಅದು ಎಲ್ಲಿ ತಗುಲಬೇಕೆಂಬುದನ್ನಷ್ಟೇ ಬದಲಿಸಿದರು. ಚಿಕಿತ್ಸೆಗೆ ಮೊದಲು ವೈದ್ಯರು, “ಏನು ಉದ್ಯೋಗ ಮಾಡಿದ್ದಿರಿ?” ಎಂದು ಕೇಳಿದ್ದರು. ಲೋಕಾಭಿರಾಮವೆಂದು ತಿಳಿದಿದ್ದೆ. ದರ್ಜಿಗೆ ಬೆರಳು, ಸಂಗೀತಗಾರನಿಗೆ ಕಿವಿ ಎಷ್ಟೆಂಬುದು ಅವರ ಲೆಕ್ಕದಲ್ಲಿತ್ತೆಂದು ಆಮೇಲೆ ಹೊಳೆಯಿತು. “ಪಾಠ ಹೇಳಿದೆ, ಪುಸ್ತಕ ಓದಿದೆ” ಎಂದಿದ್ದೆ.

ಇಂದಿಗೂ ಪುಟ ಮಗುಚುವಾಗ ಹಾಳೆ ಒಂದೋ ಎರಡೋ ನನ್ನ ಬೆರಳಿಗೆ ತಿಳಿಯದು. ಪುಟಸಂಖ್ಯೆ ನೋಡಿಕೊಂಡು ಓದನ್ನು ಮುಂದುವರಿಸುತ್ತೇನೆ.