ಯಂತ್ರದ ಜುಟ್ಟು ಯಾರ ಕೈಯಲ್ಲಿ?

ಮಿಲ್ಲಿಂಗ್ ಯಂತ್ರದ ಎರಕದ ಕಬ್ಬಿಣದ ಮೈಗೆ ಸುಲಭಕ್ಕೆ ಮುಪ್ಪು ಬರುವುದಿಲ್ಲ. ಕಾಲಕಾಲಕ್ಕೆ ಎಣ್ಣೆ ಬಿಟ್ಟು, ಸವೆದ ಸ್ಕ್ರೂ, ಬೇರಿಂಗು ಬದಲಿಸುತ್ತ ಬಂದರೆ ಅಪ್ಪ ಕೊಂಡ ಯಂತ್ರದಲ್ಲಿ ಮಗನೂ ಕೆಲಸ ಮಾಡಬಹುದು, ಮೊಮ್ಮಗನೂ ಮಾಡಬಹುದು. ಅದೇ ಯಂತ್ರ ಕಂಪ್ಯೂಟರ್ ನಿಯಂತ್ರಣದ್ದಾದರೆ, ಅಂದರೆ ಸಿಎನ್‌ಸಿ ಆದರೆ, ಲೆಕ್ಕ ಬೇರೆ. ಪಕ್ಕದ ಕಪಾಟಿನಲ್ಲಿರುವ ಕಂಟ್ರೋಲರ್‌ನ ಒಂದು ಕಾರ್ಡು ಸುಟ್ಟುಹೋಗಿ, ತಯಾರಿಸಿದ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರೆ, ಟನ್ನುಗಟ್ಟಲೆ ತೂಗುವ ಗಟ್ಟಿಮುಟ್ಟಾದ ಯಂತ್ರ ಗುಜರಿಯವನ ಲಾರಿ ಕಾಯುತ್ತ ಕೂರುತ್ತದೆ.

ದೊಡ್ಡ ಕಾರ್ಖಾನೆಯಾದರೆ ಹೊಸದನ್ನು ತರಿಸುತ್ತದೆ. ಎರಡು ಮೂರು ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ವರ್ಕ್‌ಶಾಪಿಗೆ ಅದು ಅಳಿವು ಉಳಿವಿನ ಮಾತು. ಯಂತ್ರ ಅವರದು, ಬ್ಯಾಂಕಿನ ಕಂತೂ ಅವರದು. ಯಂತ್ರ ಹೇಗೆ ಅಲುಗಬೇಕು ಎಂಬ ತಿಳಿವಳಿಕೆ ಮಾತ್ರ ಬೇರೆಯವರ ಬೀಗದೊಳಗೆ. ಈ ತಿಳಿವಳಿಕೆ ಬೀಗದೊಳಗೆ ಹೋದದ್ದಕ್ಕೂ ಅದರ ಒಂದು ಪಾಲು ಮತ್ತೆ ಹೊರಗೆ ಬಂದದ್ದಕ್ಕೂ ಎಪ್ಪತ್ತು ವರ್ಷ ಮೀರಿದ ಚರಿತ್ರೆಯಿದೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಹೆಲಿಕಾಪ್ಟರ್‌ನ ರೆಕ್ಕೆಗಳನ್ನು ತಯಾರಿಸುತ್ತಿದ್ದ. ರೆಕ್ಕೆಯ ಬಾಗು ಕರಾರುವಾಕ್ಕಾಗಿ ಬರಬೇಕು. ಪಾರ್ಸನ್ಸ್ ಮತ್ತು ಅವನ ಎಂಜಿನಿಯರ್ ಫ್ರಾಂಕ್ ಸ್ಟುಲನ್, ಬಾಗಿನ ಮೇಲಿನ ಬಿಂದುಗಳನ್ನು ಐಬಿಎಂ ಪಂಚ್ ಕಾರ್ಡ್ ಯಂತ್ರಗಳಲ್ಲಿ ಲೆಕ್ಕ ಹಾಕಿಸಿದರು. ಒಬ್ಬ ಅಂಕಿಗಳನ್ನು ಓದಿ ಹೇಳುವುದು, ಯಂತ್ರದ ಎರಡು ಹ್ಯಾಂಡಲ್‌ಗಳ ಬಳಿ ನಿಂತ ಇಬ್ಬರು ಅದರಂತೆ ತಿರುಗಿಸುವುದು. ಹೀಗೆ ಓದುವವನ ಮತ್ತು ತಿರುಗಿಸುವವರ ಕೆಲಸವನ್ನು ಯಂತ್ರವೇ ಮಾಡಿದರೇನು ಎಂಬ ಯೋಚನೆಗೆ 1949ರಲ್ಲಿ ವಾಯುಪಡೆಯ ಗುತ್ತಿಗೆ ಸಿಕ್ಕಿತು. ಪಾರ್ಸನ್ಸ್ ನೆರವಿಗಾಗಿ ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯಕ್ಕೆ ಹೋದ. 1952ರಲ್ಲಿ ಅಲ್ಲಿ ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಓದಿಕೊಂಡು ತನ್ನಷ್ಟಕ್ಕೆ ಲೋಹ ಕಡಿಯುವ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆಯಿತು. ಅದರ ನಿಯಂತ್ರಣಕ್ಕೆ ನೂರಾರು ನಿರ್ವಾತ ನಳಿಗೆಗಳೂ ರಿಲೇಗಳೂ ಬೇಕಾಗಿದ್ದವು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಜನರಲ್ ಎಲೆಕ್ಟ್ರಿಕ್‌ನಲ್ಲಿ ನುರಿತ ಕೆಲಸಗಾರ ಒಮ್ಮೆ ಕೈಯಾರೆ ಕೆಲಸ ಮಾಡಿ ತೋರಿಸುವುದು, ಅವನ ಚಲನೆಗಳನ್ನು ಕಾಂತೀಯ ಟೇಪಿನ ಮೇಲೆ ಮುದ್ರಿಸಿಕೊಳ್ಳುವುದು, ಯಂತ್ರ ಅದನ್ನೇ ಮತ್ತೆ ಮತ್ತೆ ಮಾಡುವುದು ಎಂಬ ಪದ್ಧತಿಯನ್ನು ಪ್ರಯೋಗ ಮಾಡಿ ನೋಡಿದ್ದರು. ಆ ದಾರಿ ಹೆಚ್ಚು ದೂರ ಹೋಗಲಿಲ್ಲ. ಇತಿಹಾಸಕಾರ ಡೇವಿಡ್ ನೋಬಲ್ 1984ರ ತನ್ನ 'ಫೋರ್ಸಸ್ ಆಫ್ ಪ್ರೊಡಕ್ಷನ್' ಎಂಬ ಪುಸ್ತಕದಲ್ಲಿ ಇದನ್ನೇ ಎತ್ತಿ ಕೇಳಿದ. ಟೇಪಿನ ಪದ್ಧತಿಯಲ್ಲಿ ಜಾಣತನ ಕೆಲಸಗಾರನ ಕೈಯಲ್ಲೇ ಉಳಿಯುತ್ತಿತ್ತು. ಅಂಕಿಗಳ ಪದ್ಧತಿಯಲ್ಲಿ ಅದು ಕಚೇರಿಯ ಮೇಜಿಗೆ ಹೋಗುತ್ತದೆ. ಆಡಳಿತ ವರ್ಗಕ್ಕೂ ಸೇನೆಗೂ ಬೇಕಾಗಿದ್ದುದು ಈ ಎರಡನೆಯದೇ ಎಂಬುದು ಅವನ ವಾದ. ಇದರಲ್ಲಿ ಬಹಳಷ್ಟು ನಿಜವಿದೆ. ಆದರೆ ವಿಮಾನದ ಭಾಗಗಳ ಎಲ್ಲ ಬಾಗುಗಳನ್ನೂ ಕೈಯಿಂದ ಮಾಡಿ ತೋರಿಸಲು ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಮೂರು ಅಕ್ಷಗಳನ್ನು ಒಂದೇ ಗಳಿಗೆಯಲ್ಲಿ ಬೇರೆ ಬೇರೆ ವೇಗದಲ್ಲಿ ನಡೆಸಲು ಮನುಷ್ಯನಿಗಿರುವುದು ಎರಡೇ ಕೈ.

ಹೊಸ ಯಂತ್ರಗಳ ಬೆಲೆ ಕೇಳಿ ಕಾರ್ಖಾನೆಗಳು ಹಿಂದೆ ಸರಿದಾಗ ವಾಯುಪಡೆಯೇ ಹಣ ಕೊಟ್ಟು ನೂರಕ್ಕೂ ಹೆಚ್ಚು ಯಂತ್ರಗಳನ್ನು ತನ್ನ ಗುತ್ತಿಗೆದಾರರ ಕಾರ್ಖಾನೆಗಳಲ್ಲಿ ಹಾಕಿಸಿತು. ಸಿಎನ್‌ಸಿ ಹುಟ್ಟಿದ್ದು ತೆರಿಗೆದಾರರ ದುಡ್ಡಿನಲ್ಲಿ. ಬೆಳೆಯುತ್ತ ಬೆಳೆಯುತ್ತ ಅದು ಕೆಲವೇ ಕಂಪನಿಗಳ ಮುಚ್ಚಿದ ಪೆಟ್ಟಿಗೆಯಾಯಿತು.

ಆ ಪೆಟ್ಟಿಗೆಗೆ ಎಷ್ಟು ಬೆಲೆ ಎಂಬುದು 1987ರಲ್ಲಿ ಜಗತ್ತಿಗೇ ಗೊತ್ತಾಯಿತು. ಜಪಾನಿನ ತೋಷಿಬಾ ಮಷೀನ್ ಕಂಪನಿ ರಫ್ತು ನಿರ್ಬಂಧವನ್ನು ಮೀರಿ ಸೋವಿಯತ್ ಒಕ್ಕೂಟಕ್ಕೆ ಮಿಲ್ಲಿಂಗ್ ಯಂತ್ರಗಳನ್ನು ಮಾರಿತ್ತು. ಅವುಗಳ ಕಂಟ್ರೋಲರ್ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯದು. ಜಲಾಂತರ್ಗಾಮಿಯ ಪ್ರೊಪೆಲರ್‌ಗಳನ್ನು ಸದ್ದಿಲ್ಲದೆ ತಿರುಗುವಂತೆ ಮಾಡಲು ಇವು ನೆರವಾದವು ಎಂಬ ಆರೋಪ ಬಂತು. ಸಿಟ್ಟಿಗೆದ್ದ ಅಮೆರಿಕದ ಸಂಸತ್ ಸದಸ್ಯರು ತೋಷಿಬಾ ರೇಡಿಯೊವೊಂದನ್ನು ಕ್ಯಾಪಿಟಲ್‌ನ ಹುಲ್ಲುಹಾಸಿನ ಮೇಲೆ ಸುತ್ತಿಗೆಯಿಂದ ಒಡೆದರು.

ಪೆಟ್ಟಿಗೆ ಮುಚ್ಚಿದ್ದರೂ ಅದರೊಂದಿಗೆ ಮಾತಾಡುವ ಭಾಷೆ ಎಲ್ಲರದೂ ಆಗಿತ್ತು. ಅದಕ್ಕೆ ಜಿ-ಕೋಡ್ ಎನ್ನುತ್ತಾರೆ. ಒಂದು ಅಕ್ಷರ, ಒಂದು ಸಂಖ್ಯೆ ಸೇರಿದರೆ ಒಂದು ಪದ. ಪದಗಳು ಸೇರಿದರೆ ಒಂದು ಸಾಲು. 'ಜಿ1 ಎಕ್ಸ್50 ಎಫ್200' ಎಂದರೆ ನಿಮಿಷಕ್ಕೆ 200 ಮಿಲಿಮೀಟರ್ ವೇಗದಲ್ಲಿ ನೇರವಾಗಿ ಎಕ್ಸ್ ಅಕ್ಷದ 50ನೇ ಗುರುತಿಗೆ ಹೋಗು ಎಂದರ್ಥ. ಜಿ2 ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿನ ಕಮಾನು, ಜಿ3 ಎಂದರೆ ಅದಕ್ಕೆ ಎದುರಿನದು. ಎಂ3 ಎಂದರೆ ಸ್ಪಿಂಡಲ್ ತಿರುಗಲಿ, ಎಂ5 ಎಂದರೆ ನಿಲ್ಲಲಿ. ಒಮ್ಮೆ ಜಿ1 ಎಂದರೆ ಮುಂದಿನ ಸಾಲುಗಳಲ್ಲಿ ಮತ್ತೆ ಹೇಳಬೇಕಿಲ್ಲ. ಇನ್ನೊಂದು ಚಲನೆಯ ಪದ ಬರುವ ತನಕ ಅದು ತಾನಾಗಿ ಮುಂದುವರಿಯುತ್ತದೆ. ಪಾಣಿನಿಯ ಸೂತ್ರಗಳನ್ನು ಓದಿದವರಿಗೆ ಇದು ಹೊಸದಲ್ಲ. ಹಿಂದಿನ ಸೂತ್ರದ ಪದ ಮುಂದಿನದಕ್ಕೆ ಹರಿದುಬರುವ ಅನುವೃತ್ತಿಯೇ ಇದು.

ಈ ಭಾಷೆಗೆ ಆರ್‌ಎಸ್-274 ಎಂಬ ಅಮೆರಿಕನ್ ಮಾನಕವಿತ್ತು. ಆದರೆ ಮಾನಕ ಬಿಟ್ಟ ತೆರಪನ್ನು ಪ್ರತಿ ಕಂಪನಿಯೂ ತನಗೆ ಬೇಕಾದಂತೆ ತುಂಬಿಕೊಂಡಿತು. ಜಿ71 ಎಂದರೆ ಸೀಮೆನ್ಸ್ ಕಂಟ್ರೋಲರ್‌ನಲ್ಲಿ 'ಅಳತೆ ಮಿಲಿಮೀಟರ್‌ನಲ್ಲಿದೆ' ಎಂದರ್ಥ. ಫಾನುಕ್ ಕಂಟ್ರೋಲರ್ ಇರುವ ಲೇಥಿನಲ್ಲಿ ಅದೇ ಪದಕ್ಕೆ 'ಮೊದಲ ಒರಟು ಟರ್ನಿಂಗ್ ಶುರುಮಾಡು' ಎಂಬರ್ಥ. ಮನುಷ್ಯರ ನಡುವೆ ಉಪಭಾಷೆ ತಪ್ಪಿದರೆ ನಗು ಬರುತ್ತದೆ, ಇಲ್ಲಿ ಟೂಲ್ ಮುರಿಯುತ್ತದೆ. ಒಂದು ಕಂಪನಿಯ ಉಪಭಾಷೆಗೆ ಒಗ್ಗಿಕೊಂಡ ವರ್ಕ್‌ಶಾಪು ಇನ್ನೊಂದಕ್ಕೆ ಬದಲಾಯಿಸಲು ಹಿಂಜರಿಯುವುದು ಸಹಜ, ಕಂಪನಿಗಳಿಗೂ ಅದು ಅನುಕೂಲವೇ.

ಬೀಗ ಸಡಿಲವಾದದ್ದು ಸರ್ಕಾರಿ ಪ್ರಯೋಗಾಲಯವೊಂದರಲ್ಲಿ. ಅಮೆರಿಕದಲ್ಲಿ ತೂಕ, ಅಳತೆ, ಮಾನಕಗಳನ್ನು ನೋಡಿಕೊಳ್ಳುವ ಸಂಸ್ಥೆಗೆ 1988ರಿಂದ ನಿಸ್ಟ್ ಎಂದು ಹೆಸರು. ಮೇರಿಲ್ಯಾಂಡ್‌ನ ಗೇದರ್ಸ್‌ಬರ್ಗ್‌ನಲ್ಲಿರುವ ಅದರ ಎಂಜಿನಿಯರುಗಳು 1990ರ ದಶಕದ ಮೊದಲಲ್ಲಿ ಒಂದು ಕಂಟ್ರೋಲರ್ ಬರೆಯತೊಡಗಿದರು. ಹೆಸರು ಎನ್‌ಹಾನ್ಸ್‌ಡ್ ಮಷೀನ್ ಕಂಟ್ರೋಲರ್, ಚಿಕ್ಕದಾಗಿ ಇಎಂಸಿ. ಮಾರುವುದು ಅವರ ಉದ್ದೇಶವಾಗಿರಲಿಲ್ಲ. ಕಂಟ್ರೋಲರ್‌ನ ಭಾಗಗಳು ಒಂದಕ್ಕೊಂದು ಮಾತಾಡುವ ರೀತಿಗೆ ಮಾನಕ ಬೇಕಿತ್ತು, ಮಾನಕ ನಿಲ್ಲುತ್ತದೆಯೇ ಎಂದು ನೋಡಲು ಓಡುವ ತಂತ್ರಾಂಶ ಬೇಕಿತ್ತು. ಮಿಷಿಗನ್‌ನ ಪಾಂಟಿಯಾಕ್‌ನಲ್ಲಿ, ಜನರಲ್ ಮೋಟಾರ್ಸ್‌ನ ಮಾದರಿ ತಯಾರಿಸುವ ವಿಭಾಗದಲ್ಲಿ ನಾಲ್ಕು ಅಕ್ಷದ ಯಂತ್ರವೊಂದಕ್ಕೆ ಅದನ್ನು ಕೂರಿಸಿ ನಿಜವಾದ ಕೆಲಸ ಮಾಡಿಸಿದರು.

ಇಲ್ಲಿ ಕಾನೂನಿನ ಒಂದು ಸಣ್ಣ ಸಂಗತಿ ಎಲ್ಲವನ್ನೂ ಬದಲಿಸಿತು. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ಹಾಗಾಗಿ ಇಎಂಸಿಯ ಸೋರ್ಸ್ ಕೋಡ್ ಸಾರ್ವಜನಿಕರ ಸೊತ್ತಾಯಿತು. 2000ದ ಆಗಸ್ಟ್‌ನಲ್ಲಿ ಥಾಮಸ್ ಕ್ರೇಮರ್, ಫ್ರೆಡ್ರಿಕ್ ಪ್ರಾಕ್ಟರ್, ಎಲೆನಾ ಮೆಸ್ಸಿನಾ ಜಿ-ಕೋಡ್ ಓದುವ ಭಾಗದ ಬಗ್ಗೆ ಪ್ರಕಟಿಸಿದ ವರದಿ ಅದರ ವ್ಯಾಕರಣದಂತಿದೆ. ಯಾವ ಪದದ ಅರ್ಥವೇನು, ಒಂದೇ ಸಾಲಿನಲ್ಲಿ ಹಲವು ಪದ ಬಂದರೆ ಮೊದಲು ಯಾವುದು ನಡೆಯಬೇಕು, ಯಾವ ಎರಡು ಪದ ಒಂದೇ ಸಾಲಿನಲ್ಲಿ ಕೂಡಿ ಬರಬಾರದು ಎಂಬುದೆಲ್ಲ ಅದರಲ್ಲಿ ಬಿಡಿಸಿ ಬರೆದಿದೆ. ಮುಚ್ಚಿದ ಕಂಟ್ರೋಲರ್‌ನಲ್ಲಿ ಇದನ್ನೆಲ್ಲ ಆಪರೇಟರ್ ಪೆಟ್ಟು ತಿಂದೇ ಕಲಿಯಬೇಕಿತ್ತು.

ವ್ಯಾಕರಣ ಸಿಕ್ಕಿದರೂ ತಾಳದ ತೊಂದರೆ ಉಳಿದಿತ್ತು. ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರ್ ಒಂದೇ ಹೊತ್ತಿಗೆ ಹತ್ತು ಕೆಲಸ ನೋಡುತ್ತದೆ. ಪರದೆಯ ಚಿತ್ರ ಒಂದು ಕ್ಷಣ ತಡವಾದರೆ ಯಾರಿಗೂ ನಷ್ಟವಿಲ್ಲ. ಸ್ಟೆಪರ್ ಮೋಟರಿಗೆ ಪ್ರತಿ ಹೆಜ್ಜೆಗೊಂದು ವಿದ್ಯುತ್ ಮಿಡಿತ ಬೇಕು, ಅದೂ ಸೆಕೆಂಡಿಗೆ ಸಾವಿರಾರು ಸಲ. ಒಂದು ಮಿಡಿತ ತಡವಾದರೂ ಮೋಟರ್ ಹೆಜ್ಜೆ ತಪ್ಪಬಹುದು, ಆಮೇಲಿನ ಅಳತೆಯೆಲ್ಲ ಕೆಟ್ಟಂತೆಯೇ. 1990ರ ದಶಕದ ಕೊನೆಗೆ ಬಂದ ಆರ್‌ಟಿ-ಲಿನಕ್ಸ್ ಇದಕ್ಕೆ ಉಪಾಯ ಹೇಳಿತು. ತಾಳದ ಕೆಲಸ ಮೊದಲು, ಇಡೀ ಲಿನಕ್ಸ್ ಅದರ ಬಿಡುವಿನಲ್ಲಿ. ಹೀಗೆ ಹಳೆಯ ಕಂಪ್ಯೂಟರೊಂದರ ಪ್ರಿಂಟರ್ ಪೋರ್ಟಿನಿಂದಲೇ ಮಿಲ್ಲಿಂಗ್ ಯಂತ್ರ ನಡೆಸುವುದು ಸಾಧ್ಯವಾಯಿತು. ಲಿನಕ್ಸ್‌ನ ಮುಖ್ಯ ಕೋಡಿನೊಳಗೇ ಈ ಬಗೆಯ ತಾಳಬದ್ಧತೆ ಪೂರ್ತಿಯಾಗಿ ಸೇರಿದ್ದು ಬಹಳ ತಡವಾಗಿ, 2024ರಲ್ಲಿ.

ನಿಸ್ಟ್ ಕೈಬಿಟ್ಟ ಕೆಲಸವನ್ನು ಬೇರೆ ಬೇರೆ ದೇಶಗಳ ಸ್ವಯಂಸೇವಕರು ಎತ್ತಿಕೊಂಡರು. ಅವರಲ್ಲಿ ಪ್ರೋಗ್ರಾಮರುಗಳಿದ್ದರು, ಮನೆಯ ಗ್ಯಾರೇಜಿನಲ್ಲಿ ಹಳೆಯ ಯಂತ್ರ ಇಟ್ಟುಕೊಂಡವರೂ ಇದ್ದರು. 2006ರ ಹೊತ್ತಿಗೆ ಬಂದ ಎರಡನೆಯ ಆವೃತ್ತಿಯಲ್ಲಿ ಅವರು ಸೇರಿಸಿದ ದೊಡ್ಡ ವಿಷಯ 'ಹಾಲ್' ಎಂಬ ಪದರ. ಎಲೆಕ್ಟ್ರಿಷಿಯನ್ ಪ್ಯಾನೆಲ್‌ನಲ್ಲಿ ಒಂದು ತಂತಿಯನ್ನು ಇಲ್ಲಿಂದ ಅಲ್ಲಿಗೆ ಎಳೆಯುವಂತೆ, ಇದರಲ್ಲಿ ಲಿಮಿಟ್ ಸ್ವಿಚ್ಚನ್ನೋ ಮೋಟರನ್ನೋ ತಂತ್ರಾಂಶದೊಳಗೆ ಹೆಸರು ಕೊಟ್ಟು ಜೋಡಿಸಬಹುದು. ಯಾವ ಕಂಪನಿಯ ಯಾವ ಕಾಲದ ಯಂತ್ರವಾದರೂ ಅದಕ್ಕೆ ತಕ್ಕ ಜೋಡಣೆಯನ್ನು ವರ್ಕ್‌ಶಾಪಿನವರೇ ಬರೆದುಕೊಳ್ಳಬಹುದಾಯಿತು.

ಹೊಸ ಕೋಡಿಗೆ ಅವರು ಜಿಪಿಎಲ್ ಪರವಾನಗಿ ಆರಿಸಿಕೊಂಡರು. ನಿಸ್ಟ್ ಕೊಟ್ಟದ್ದು ಷರತ್ತಿಲ್ಲದ ದಾನ. ತೆಗೆದುಕೊಂಡವನು ಅದನ್ನು ಮತ್ತೆ ಮುಚ್ಚಿಟ್ಟರೂ ಕೇಳುವಂತಿರಲಿಲ್ಲ. ಜಿಪಿಎಲ್‌ನಲ್ಲಿ ಋಣವಿದೆ. ತಿದ್ದಿ ಮಾರು, ಲಾಭ ಮಾಡು, ಆದರೆ ಕೊಂಡವನಿಗೆ ಕೋಡೂ ಸಿಗುವಂತಿರಲಿ. ವಿಸ್ಕಾನ್ಸಿನ್‌ನ ಟಾರ್ಮಾಕ್ ಕಂಪನಿ ತನ್ನ ಸಣ್ಣ ಯಂತ್ರಗಳ ಪಾತ್‌ಪೈಲಟ್ ಕಂಟ್ರೋಲರನ್ನು ಇದೇ ತಂತ್ರಾಂಶದ ಮೇಲೆ ಕಟ್ಟಿ ಮಾರುತ್ತಿದೆ. ದತ್ತಾಂಶ ಸಂಗ್ರಹಣೆಯ ಇಎಂಸಿ ಕಾರ್ಪೊರೇಷನ್ ಹೆಸರಿನ ಬಗ್ಗೆ ತಕರಾರು ತೆಗೆದ ಮೇಲೆ ಯೋಜನೆಯ ಹೆಸರು ಲಿನಕ್ಸ್‌ಸಿಎನ್‌ಸಿ ಎಂದಾಯಿತು. ವ್ಯಾಕರಣ ಇನ್ನೂ ಚಿಕ್ಕ ಜಾಗಗಳಿಗೂ ಇಳಿಯಿತು. ನಾರ್ವೆಯ ಸೀಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದ 'ಗರ್ಬಲ್' ನಿಸ್ಟ್‌ನ ಜಿ-ಕೋಡ್ ನಿಯಮಗಳನ್ನೇ ಅನುಸರಿಸುತ್ತದೆ, ಆದರೆ ಓಡುವುದು 32 ಕಿಲೋಬೈಟ್ ಜಾಗವಿರುವ ಆರ್ಡುಯಿನೊ ಬೋರ್ಡಿನ ಮೇಲೆ.

ಯಂತ್ರ ಮಾಡುವ ಯಂತ್ರಗಳು ಇಲ್ಲೇ ತಯಾರಾಗಬೇಕು ಎಂದು ಭಾರತ 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯನ್ನೂ 1962ರಲ್ಲಿ ಅದೇ ಊರಿನಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಸಿಎಂಟಿಐಯನ್ನೂ ಕಟ್ಟಿತು. ಯಂತ್ರದ ಮೈ ಮಾಡುವುದನ್ನು ನಾವು ಕಲಿತೆವು. ಕಂಟ್ರೋಲರ್ ಮಾತ್ರ ಬಹುಪಾಲು ಫಾನುಕ್, ಸೀಮೆನ್ಸ್‌ಗಳಿಂದಲೇ ಬಂತು. ಪೀಣ್ಯ, ಭೋಸರಿ, ಅಂಬತ್ತೂರು, ಬಾಲಾನಗರ ಎಲ್ಲಿಗೆ ಹೋದರೂ ಆಪರೇಟರುಗಳು ಊಟದ ಹೊತ್ತಿಗೆ ಬೇರೆ ಬೇರೆ ನುಡಿಯಾಡುತ್ತಾರೆ, ಯಂತ್ರದ ಮುಂದೆ ನಿಂತಾಗ ಜಿ-ಕೋಡ್ ಬರೆಯುತ್ತಾರೆ.

ಮುಕ್ತ ಕಂಟ್ರೋಲರ್ ಎಲ್ಲಕ್ಕೂ ಮದ್ದಲ್ಲ. ಹಗಲು ರಾತ್ರಿ ಓಡುವ ಉತ್ಪಾದನಾ ಸಾಲಿನಲ್ಲಿ ಕೆಟ್ಟಾಗ ಫೋನ್ ಮಾಡಿದರೆ ಬರುವ ಎಂಜಿನಿಯರ್ ಬೇಕು, ಆ ಭರವಸೆಗೇ ದೊಡ್ಡ ಕಂಪನಿಗಳಿಗೆ ಹಣ ಕೊಡುವುದು. ಜೋಡಣೆ ಬರೆಯಲು ಕಲಿಯಬೇಕು, ಕಲಿಯುವ ದಿನಗಳಲ್ಲಿ ಯಂತ್ರ ಸುಮ್ಮನೆ ನಿಂತಿರುತ್ತದೆ. ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಯಾವ ತಂತ್ರಾಂಶವನ್ನೂ ನಂಬದೆ ನೇರ ತಂತಿಯಲ್ಲೇ ವಿದ್ಯುತ್ ಕಡಿಯುವಂತೆ ಹಾಕಬೇಕು.

ಆದರೂ ಕಾರ್ಡು ಸುಟ್ಟ ದಿನ ಆ ಸಣ್ಣ ವರ್ಕ್‌ಶಾಪಿನ ಮುಂದೆ ಗುಜರಿಯ ಲಾರಿಯಲ್ಲದೆ ಇನ್ನೊಂದು ದಾರಿ ಇದೆ. ಹಳೆಯ ಕಪಾಟು ಬಿಚ್ಚಿ, ಕೆಲಸಕ್ಕೆ ಬರುವ ಮೋಟರು ಉಳಿಸಿಕೊಂಡು, ಹೊಸ ಡ್ರೈವ್ ಹಾಕಿ, ಮೇಜಿನ ಕಂಪ್ಯೂಟರೊಂದನ್ನು ಜೋಡಿಸಿ ಅದೇ ಕಬ್ಬಿಣವನ್ನು ಮತ್ತೆ ನಡೆಸಬಹುದು. ಪರದೆಯ ಮೇಲೆ ಕಮಾನಿನ ಲೆಕ್ಕ ತಪ್ಪಿದೆ ಎಂಬ ಸಂದೇಶ ಬಂದರೆ, ಆ ಸಂದೇಶ ಏಕೆ ಬಂತು ಎಂದು ಕೋಡಿನೊಳಗೆ ಹೋಗಿ ಓದಿ ತಿಳಿಯಬಹುದು. ಕಚೇರಿಯ ಮೇಜಿಗೆ ಹೋಗಿದ್ದ ಜಾಣತನ ಅಷ್ಟರಮಟ್ಟಿಗೆ ಲೇಥಿನ ಪಕ್ಕಕ್ಕೆ ಮರಳಿದೆ.