ಬೆಲೆ ಗೊತ್ತಿಲ್ಲದ ಚಿಲ್ಲರೆ ಯಂತ್ರ!

ಅಮೆರಿಕದ ಚಿಲ್ಲರೆ ವಿಂಗಡಿಸುವ ಸಾದಾ ಯಂತ್ರವನ್ನು ನೋಡಿದ್ದೀರಾ? ಮೋಟರ್ ಇಲ್ಲ, ಕರೆಂಟ್ ಬೇಕಿಲ್ಲ. ಒಂದು ಇಳಿಜಾರು ಹಳಿ, ಪಕ್ಕದ ಗೋಡೆಯಲ್ಲಿ ಸಾಲಾಗಿ ಕಿಂಡಿಗಳು, ಒಂದಕ್ಕಿಂತ ಮುಂದಿನದು ದೊಡ್ಡದು. ಗೋಡೆಗೆ ಒರಗಿ ಉರುಳಿ ಬರುವ ನಾಣ್ಯ ತಾನು ತೂರುವಷ್ಟು ಕಿಂಡಿ ಸಿಕ್ಕ ಕೂಡಲೇ ಬೀಳುತ್ತದೆ. ಅಷ್ಟೇ!

ತಮಾಷೆ ಇರುವುದು ಬೀಳುವ ಕ್ರಮದಲ್ಲಿ. ಮೊದಲು ಬೀಳುವುದು ಒಂದು ಸೆಂಟ್ ಅಲ್ಲ, ಹತ್ತು ಸೆಂಟಿನ ಡೈಮ್ (17.91 ಮಿ.ಮೀ.). ಆಮೇಲೆ ಸೆಂಟ್ (19.05), ಐದು ಸೆಂಟಿನ ನಿಕಲ್ (21.21), ಇಪ್ಪತ್ತೈದರ ಕ್ವಾರ್ಟರ್ (24.26).

ಹತ್ತು ಐದಕ್ಕಿಂತ ಚಿಕ್ಕದಾದದ್ದು ಹೇಗೆ? 1792ರ ಕಾಯಿದೆಯಂತೆ ಡೈಮ್ ಎಂದರೆ ಬೆಳ್ಳಿ ಡಾಲರಿನ ಹತ್ತನೇ ಒಂದು ಪಾಲು. ಐದು ಸೆಂಟೂ ಆಗ ಬೆಳ್ಳಿಯದೇ, ಡೈಮಿಗಿಂತ ಪುಟ್ಟದು. 1866ರಲ್ಲಿ ತಾಮ್ರ-ನಿಕಲ್ ಮಿಶ್ರಲೋಹದ ಐದು ಸೆಂಟ್ ಬಂತು. ಅಗ್ಗದ ಲೋಹ, ದೊಡ್ಡ ಗಾತ್ರ. 1965ರ ಕಾಯಿದೆ ಡೈಮ್, ಕ್ವಾರ್ಟರ್‌ಗಳಿಂದ ಬೆಳ್ಳಿಯನ್ನು ತೆಗೆಯಿತು. ಆದರೆ ಕಾಸು ಹಾಕಿದರೆ ಸರಕು ಕೊಡುವ ಯಂತ್ರಗಳೂ ನಡೆಯಬೇಕಲ್ಲ, ಅಳತೆ ಹಾಗೇ ಉಳಿಯಿತು. ಬೆಳ್ಳಿ ಹೋಯಿತು, ಬೆಳ್ಳಿಯ ಲೆಕ್ಕ ಹೋಗಲಿಲ್ಲ.

1979ರ ಆಂಥನಿ ಡಾಲರ್ 26.5 ಮಿ.ಮೀ. ಇತ್ತು. ಕ್ವಾರ್ಟರ್‌ಗಿಂತ ಎರಡು ಮಿ.ಮೀ. ಚಿಲ್ಲರೆ ಹೆಚ್ಚು. ಕಿಂಡಿಗೆ ಅಷ್ಟು ಸಾಕು, ಜನರ ಕೈಗೆ ಸಾಲಲಿಲ್ಲ. ಕ್ವಾರ್ಟರ್ ಜೊತೆ ಗೊಂದಲವಾಗಿ ಆ ನಾಣ್ಯ ಚಲಾವಣೆಯಲ್ಲಿ ಸೋತಿತು.

ನಮ್ಮಲ್ಲಿ 1957ರ ದಶಮಾನ ನಾಣ್ಯಗಳಲ್ಲಿ ಐದು ಪೈಸೆ ಚೌಕ, ಎರಡು ಮತ್ತು ಹತ್ತು ಪೈಸೆಗೆ ಅಲೆಯಂಚು. ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಾಗುತ್ತಿತ್ತು. ಆದರೆ ಚೌಕ ನಾಣ್ಯ ಆ ಹಳಿಯ ಮೇಲೆ ಉರುಳೀತೇ? ನಿಮ್ಮ ಮನೆಯ ಹಳೇ ಡಬ್ಬಿಯಲ್ಲಿ ಒಂದಿದ್ದರೆ ಉರುಳಿಸಿ ನೋಡಿ, ತಿಳಿಸಿ...