ವಕೀಲಿಯಿಂದ ಸಭಾಧ್ಯಕ್ಷಪೀಠಕ್ಕೆ: ರಾಣೆಬೆನ್ನೂರಿನ ಕೆ. ಬಿ. ಕೋಳಿವಾಡರ ಶಾಸಕಜೀವನ

ಧಾರವಾಡ ಸೀಮೆಯಲ್ಲಿ ಕೋರ್ಟಿನ ಕಟ್ಟೆಯಿಂದ ಶಾಸನಸಭೆಗೆ ಹೋಗುವ ದಾರಿಯು ಬಹುಕಾಲದಿಂದ ಸವೆದ ದಾರಿಯೇ ಆಗಿದೆ. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಆ ದಾರಿಯಲ್ಲಿ ನಡೆದು ಮುಂಬಯಿ ಪ್ರಾಂತದ ಮಂತ್ರಿಗಳಾದರು. ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತಿದ್ದ ಎಸ್. ಆರ್. ಕಂಠಿಯವರು 1956ರಲ್ಲಿ ವಿಶಾಲ ಮೈಸೂರು ರಾಜ್ಯದ ವಿಧಾನಸಭಾಧ್ಯಕ್ಷರಾಗಿ, 1962ರಲ್ಲಿ ಕೆಲವು ತಿಂಗಳ ಮಟ್ಟಿಗೆ ಮುಖ್ಯಮಂತ್ರಿಗಳೂ ಆದರು. ಇಂದು ಹಾವೇರಿ ಜಿಲ್ಲೆಗೆ ಸೇರಿದ ಶಿಗ್ಗಾವಿ ತಾಲೂಕಿನ ಕಾರಡಗಿಯಲ್ಲಿ ಜನಿಸಿದ ಎಸ್. ಆರ್. ಬೊಮ್ಮಾಯಿಯವರ ಹೆಸರಾದರೋ 1994ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಶಿರೋನಾಮೆಯಾಗಿ ದೇಶದ ಪ್ರತಿಯೊಬ್ಬ ನ್ಯಾಯಶಾಸ್ತ್ರ ವಿದ್ಯಾರ್ಥಿಯ ನಾಲಗೆಯ ಮೇಲಿದೆ. ಈ ಪರಂಪರೆಯಲ್ಲಿ ಕೃಷ್ಣಪ್ಪ ಭೀಮಪ್ಪ ಕೋಳಿವಾಡರ ಸ್ಥಾನವೇನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಐದು ಸಲ ಶಾಸಕರಾದರೆಂಬ ಕಾರಣಕ್ಕಾಗಿಯೇ ಒಬ್ಬರ ಜೀವನವು ವಿಮರ್ಶಾರ್ಹವಾಗುವುದಿಲ್ಲ. ಅಂಥವರು ನಾಡಿನಲ್ಲಿ ಅನೇಕರುಂಟು. ಆದರೆ ಪಕ್ಷ ಹಿಡಿದು ವಾದಿಸುವುದನ್ನು ವೃತ್ತಿಯಾಗಿ ಕಲಿತವರು, ಕಾಲಾಂತರದಲ್ಲಿ ಪಕ್ಷಾತೀತವಾಗಿ ತೀರ್ಪು ಕೊಡಬೇಕಾದ ಪೀಠದಲ್ಲಿ ಕುಳಿತಾಗ ಆ ಕಲಿಕೆಯು ಎಷ್ಟರಮಟ್ಟಿಗೆ ಒದಗಿಬಂದೀತೆಂಬ ಪ್ರಶ್ನೆಗೆ ಇವರ ವೃತ್ತಾಂತದಷ್ಟು ಸಮೃದ್ಧವಾದ ಸಾಮಗ್ರಿಯು ಬೇರೆಡೆ ದೊರೆಯುವುದು ವಿರಳ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದಲ್ಲಿ ಒಂದಾದ ಮೇಲೊಂದರಂತೆ ಬರುವ ಪೇಟೆಗಳು. ಒಂದಕ್ಕೆ ಏಲಕ್ಕಿ ಮಾಲೆಯೂ, ಇನ್ನೊಂದಕ್ಕೆ ಮೆಣಸಿನಕಾಯಿಯೂ, ಮತ್ತೊಂದಕ್ಕೆ ಹತ್ತಿ ಮತ್ತು ಬಿತ್ತನೆ ಬೀಜದ ವ್ಯಾಪಾರವೂ ಹೆಸರು ತಂದಿವೆ. ಇಂಥ ಪೇಟೆಯ ವಕೀಲನ ಬಳಿಗೆ ಬರುವ ಖಟ್ಲೆಗಳ ಸ್ವರೂಪವು ಸುಲಭವಾಗಿ ಊಹ್ಯವಾದುದೇ: ಅಣ್ಣತಮ್ಮಂದಿರ ವಾಟ್ನಿ, ಹೊಲದ ಬಾಂದಿನ ತಕರಾರು, ಅಡತಿ ಅಂಗಡಿಯ ಬಾಕಿ, ಉತಾರದಲ್ಲಿ ಬಿಟ್ಟುಹೋದ ಹೆಸರು. ಕೆಳಗಿನ ಕೋರ್ಟಿನಲ್ಲಿ ಸೋತ ಕಕ್ಷಿದಾರನು 1956ರ ತನಕ ಮುಂಬಯಿಗೂ, ಆ ಬಳಿಕ ಬೆಂಗಳೂರಿಗೂ ಅಪೀಲು ಒಯ್ಯಬೇಕಾಗಿದ್ದಿತು. ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ತೆರೆದುದು 2008ರಲ್ಲಿ. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದೂ 1997ರ ಆಗಸ್ಟಿನಲ್ಲಷ್ಟೆ. ಆದುದರಿಂದ ಅಧಿಕಾರವೂ ನ್ಯಾಯವೂ ಎರಡೂ ದೂರದಲ್ಲಿದ್ದ ಈ ಊರುಗಳಲ್ಲಿ, ಕಾಗದಪತ್ರ ಓದಬಲ್ಲ ವಕೀಲನು ಕ್ರಮೇಣ ಜನರ ಮುಖಂಡನೂ ಆಗಿಬಿಡುತ್ತಿದ್ದುದು ಸಹಜವೇ ಸರಿ.

ಕೋಳಿವಾಡರು ರಾಣೆಬೆನ್ನೂರಿನಿಂದ ಮೊದಲ ಸಲ ಆಯ್ಕೆಯಾದುದು 1972ರಲ್ಲಿ, ದೇವರಾಜ ಅರಸರ ನಾಯಕತ್ವದ ಕಾಂಗ್ರೆಸ್ಸು ಅಧಿಕಾರಕ್ಕೆ ಬಂದ ಚುನಾವಣೆಯಲ್ಲಿ. ಆ ವಿಧಾನಸಭೆಯ ಅವಧಿಯಲ್ಲೇ, 1974ರ ಮಾರ್ಚ್ 1ರಿಂದ, ತಿದ್ದುಪಡಿಗೊಂಡ ಭೂಸುಧಾರಣಾ ಕಾಯಿದೆಯು ಜಾರಿಗೆ ಬಂದಿತು. ಗೇಣಿದಾರನು ತನ್ನ ಹಕ್ಕನ್ನು ಕೋರ್ಟಿನಲ್ಲಿ ಅಲ್ಲದೆ ತಾಲೂಕಿನ ಭೂನ್ಯಾಯಮಂಡಳಿಯ ಮುಂದೆ ಸ್ಥಾಪಿಸಿಕೊಳ್ಳಬೇಕೆಂದು ವಿಧಿಸಿದ ಆ ಕಾಯಿದೆಯು, 48ನೆಯ ಕಲಮಿನ 8ನೆಯ ಉಪಕಲಮಿನ ಮೂಲಕ, ಆ ಮಂಡಳಿಯ ಎದುರು ವಕೀಲರಾರೂ ಹಾಜರಾಗಕೂಡದೆಂದು ನಿಷೇಧಿಸಿದ್ದಿತು. ಹಣವುಳ್ಳ ಒಡೆಯನ ಪರವಾಗಿ ವಕೀಲನ ವಾಕ್ಚಾತುರ್ಯವು ಬಡ ಗೇಣಿದಾರನನ್ನು ಸೋಲಿಸಬಾರದೆಂಬುದೇ ಅದರ ಆಶಯ. ವಕೀಲರು ಗಣನೀಯ ಸಂಖ್ಯೆಯಲ್ಲಿದ್ದ ಸಭೆಯೊಂದು ತಮ್ಮವರನ್ನೇ ಹೊರಗಿರಿಸುವ ಕಾನೂನನ್ನು ಅಂಗೀಕರಿಸಿದುದು ಸಣ್ಣ ಸಂಗತಿಯಲ್ಲ. ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಈ ನಿಷೇಧವನ್ನು ವಕೀಲರ ಕಾಯಿದೆಗೆ ವಿರುದ್ಧವೆಂದು ರದ್ದುಗೊಳಿಸಿತಾದರೂ, ಅಷ್ಟರೊಳಗೆ ಮಂಡಳಿಗಳ ಮುಖ್ಯ ಕಾರ್ಯವು ಬಹುಮಟ್ಟಿಗೆ ಮುಗಿದಿದ್ದಿತು. ತರುಣ ಶಾಸಕನೊಬ್ಬನಿಗೆ ಕಾನೂನಿಗೂ ನ್ಯಾಯಕ್ಕೂ ಇರುವ ಅಂತರವನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ಪಾಠಶಾಲೆಯು ಇದ್ದಿರಲಾರದು.

ಮುಂದಿನ ಚುನಾವಣೆಗಳ ವಿವರವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. 1985ರಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಪ್ರಬಲ ಅಲೆಯ ನಡುವೆಯೂ, ಕೋಳಿವಾಡರು ಗೆದ್ದರು, 1989ರಲ್ಲಿಯೂ 1999ರಲ್ಲಿಯೂ ಮರಳಿ ಆಯ್ಕೆಯಾದರು, ನಡುನಡುವೆ ಸೋತರು, 2013ರಲ್ಲಿ ಐದನೆಯ ಬಾರಿಗೆ ಬಂದರು. ರಾಣೆಬೆನ್ನೂರಿನ ಮತದಾರನು ಯಾರನ್ನೂ ಕಾಯಂ ಆಗಿ ಕೂರಿಸಿದವನಲ್ಲ. ಇವರ ಜೀವನದ ಮಹತ್ತ್ವದ ಭಾಗವು ಆರಂಭವಾಗುವುದು ಈ ಐದನೆಯ ಅವಧಿಯಲ್ಲೇ.

2014ರಲ್ಲಿ ಬೆಂಗಳೂರು ನಗರ ಹಾಗೂ ಗ್ರಾಮಾಂತರ ಜಿಲ್ಲೆಗಳ ಕೆರೆಗಳ ಒತ್ತುವರಿಯನ್ನು ಕುರಿತು ವಿಚಾರಿಸಲು ರಚಿತವಾದ ಸದನ ಸಮಿತಿಗೆ ಇವರು ಅಧ್ಯಕ್ಷರಾದರು. ಲಕ್ಷ್ಮಣರಾವ್ ಸಮಿತಿಯು 1980ರ ದಶಕದಲ್ಲಿಯೂ, ಎ. ಟಿ. ರಾಮಸ್ವಾಮಿಯವರ ಸಮಿತಿಯು ಅದಾದ ಎರಡು ದಶಕಗಳ ನಂತರವೂ ನೆಲದ ವಿಚಾರವಾಗಿ ಎಚ್ಚರಿಕೆ ಕೊಟ್ಟಿದ್ದುವು. ಕೋಳಿವಾಡ ಸಮಿತಿಯ ವರದಿಯು 2017ರ ನವೆಂಬರಿನಲ್ಲಿ ಸದನದ ಮುಂದೆ ಬಂದಾಗ, ಸಾವಿರದ ಐನೂರಕ್ಕೂ ಮಿಕ್ಕ ಕೆರೆಗಳ ಲೆಕ್ಕವನ್ನು ತೆಗೆದು, ಹತ್ತು ಸಾವಿರ ಎಕರೆಗಿಂತಲೂ ಅಧಿಕವಾದ ಕೆರೆಯಂಗಳವು ಒತ್ತುವರಿಯಾಗಿದೆಯೆಂದು ತೋರಿಸಿಕೊಟ್ಟಿತು. ಇದರಲ್ಲಿ ನನಗೆ ಕಾಣುವುದು ಮುತ್ಸದ್ದಿಯ ಕೈಗಿಂತ ಹೆಚ್ಚಾಗಿ ತಾಲೂಕು ವಕೀಲನ ಕೈ. ಸರ್ವೆ ನಂಬರನ್ನು ಹಿಡಿದು ಹಳೆಯ ನಕಾಶೆಯನ್ನು ಹೊಸ ಅಳತೆಯೊಡನೆ ತಾಳೆನೋಡುವುದು, ಯಾವ ವರ್ಷದಲ್ಲಿ ಯಾರ ಹೆಸರು ಹೇಗೆ ನುಸುಳಿತೆಂದು ಕೇಳುವುದು ಬಾಂದಿನ ದಾವೆಯನ್ನು ನಡೆಸಿದವರಿಗೆ ಸಿದ್ಧಿಸಿದ ವಿದ್ಯೆಯಲ್ಲವೆ? ಹಾವೇರಿಯ ಹೆಗ್ಗೇರಿಯಂಥ ಕೆರೆಗಳನ್ನು ನೆಚ್ಚಿದ ಬಯಲುಸೀಮೆಯವರಿಗೆ, ಕೆರೆ ಹೋದರೆ ಊರೇ ಹೋದಂತೆಂಬುದನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕಾದುದೂ ಇಲ್ಲ.

ಈ ಮಧ್ಯೆ, ಕಾಗೋಡು ತಿಮ್ಮಪ್ಪನವರು ಮಂತ್ರಿಮಂಡಲವನ್ನು ಸೇರಿದುದರಿಂದ ತೆರವಾದ ಸಭಾಧ್ಯಕ್ಷ ಪದವಿಗೆ 2016ರ ಜುಲೈಯಲ್ಲಿ ಕೋಳಿವಾಡರು ಆಯ್ಕೆಯಾದರು. ಪೀಠವನ್ನೇರಿದವರಿಗೆ ನ್ಯಾಯಾಧೀಶಸದೃಶವಾದ ಎರಡು ಕರ್ತವ್ಯಗಳು ಎದುರಾಗುತ್ತವೆ: ಸದನದ ಹಕ್ಕುಚ್ಯುತಿಯ ಪ್ರಶ್ನೆ ಒಂದು, ಪಕ್ಷಾಂತರದ ಪ್ರಶ್ನೆ ಇನ್ನೊಂದು.

2017ರ ಜೂನ್ 21ರಂದು, ಹಕ್ಕುಬಾಧ್ಯತಾ ಸಮಿತಿಯ ಶಿಫಾರಸನ್ನು ಅನುಸರಿಸಿ, 'ಹಾಯ್ ಬೆಂಗಳೂರ್' ಪತ್ರಿಕೆಯ ಸಂಪಾದಕ ರವಿ ಬೆಳಗೆರೆಯವರಿಗೂ 'ಯಲಹಂಕ ವಾಯ್ಸ್' ಪತ್ರಿಕೆಯ ಸಂಪಾದಕರಿಗೂ ತಲಾ ಒಂದು ವರ್ಷದ ಕಾರಾಗೃಹವಾಸ ಹಾಗೂ ಹತ್ತು ಸಾವಿರ ರೂಪಾಯಿಗಳ ದಂಡವನ್ನು ಸದನವು ವಿಧಿಸಿತು. ಬೆಳಗೆರೆಯವರ ಪತ್ರಿಕೆಯ ಮೇಲೆ ದೂರಿತ್ತವರಲ್ಲಿ, ಸಭಾಧ್ಯಕ್ಷರಾಗುವುದಕ್ಕೆ ಮುಂಚೆ, ಕೋಳಿವಾಡರೂ ಒಬ್ಬರಾಗಿದ್ದರು. ಸಂವಿಧಾನದ 194ನೆಯ ಅನುಚ್ಛೇದದ 3ನೆಯ ಖಂಡವು ಸದನಗಳಿಗೆ ಈ ಅಧಿಕಾರವನ್ನು ಕೊಟ್ಟಿರುವುದು ನಿಜ. 1959ರ ಸರ್ಚ್‌ಲೈಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದುದೂ ನಿಜ. ಆದರೆ 1964ರಲ್ಲಿ, ಗೋರಖಪುರದ ಕೇಶವ ಸಿಂಹನ ಪ್ರಕರಣದಿಂದ ಉದ್ಭವಿಸಿದ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರವಾಗಿ, ಸದನವು ಹೊರಗಿನವನೊಬ್ಬನನ್ನು ಸೆರೆಗೆ ಕಳಿಸಿದಾಗ ನ್ಯಾಯಾಲಯಗಳು ಅದನ್ನು ಪರಿಶೀಲಿಸಬಲ್ಲವೆಂದು ಬಹುಮತದ ಅಭಿಪ್ರಾಯವು ಹೇಳಿತು. ಫಿರ್ಯಾದಿಯೇ ಪೀಠದಲ್ಲಿರುವಾಗ ಶಿಕ್ಷೆಯು ಘೋಷಿತವಾಗಬಾರದೆಂಬುದು ಯಾವ ಮುನಸೀಫ್ ಕೋರ್ಟಿನ ಕಿರಿಯ ವಕೀಲನಿಗೂ ತಿಳಿದಿರುವ ಮಾತು. ಶಿಕ್ಷೆಯು ಸದನದ್ದು, ಅಧ್ಯಕ್ಷರದಲ್ಲವೆಂಬ ಸಮಾಧಾನವು ತಾಂತ್ರಿಕವಾಗಿ ಸರಿಯಾದುದೇ. ಆದರೂ ಆ ದಿನ ಅವರು ಪೀಠವನ್ನು ಉಪಾಧ್ಯಕ್ಷರಿಗೆ ಬಿಟ್ಟುಕೊಟ್ಟು ಹೊರಗುಳಿದಿದ್ದರೆ ಸದನದ ಗೌರವಕ್ಕೂ ವಕೀಲಿ ವೃತ್ತಿಯ ಗೌರವಕ್ಕೂ ಹೆಚ್ಚು ಶೋಭೆಯುಂಟಾಗುತ್ತಿತ್ತೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಎರಡನೆಯ ಕರ್ತವ್ಯದಲ್ಲಿ ಕಂಡುದು ಇದಕ್ಕೆ ವಿಪರೀತವಾದ ಗುಣ. 2016ರ ಜೂನಿನ ರಾಜ್ಯಸಭಾ ಚುನಾವಣೆಯಲ್ಲಿ ತಮ್ಮ ಪಕ್ಷದ ವಿರುದ್ಧ ಮತವಿತ್ತ ಏಳು ಮಂದಿ ಜನತಾದಳದ ಶಾಸಕರನ್ನು ಅನರ್ಹಗೊಳಿಸಬೇಕೆಂಬ ಅರ್ಜಿಯು ಇವರ ಮುಂದಿದ್ದಿತು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಅಡಿಯಲ್ಲಿ ಸಭಾಧ್ಯಕ್ಷನು ನ್ಯಾಯಮಂಡಳಿಯಾಗಿ ವರ್ತಿಸುತ್ತಾನೆಂದು 1992ರ ಕಿಹೋಟೊ ಹೊಲ್ಲೊಹಾನ್ ತೀರ್ಪು ಸ್ಪಷ್ಟಪಡಿಸಿದ್ದಿತು. ಅರ್ಜಿಯು ತಾರೀಖಿನ ಮೇಲೆ ತಾರೀಖು ಕಂಡಿತು. ತೀರ್ಪು ಹೊರಬೀಳುವ ಮೊದಲೇ, 2018ರ ಮಾರ್ಚಿನಲ್ಲಿ, ಆ ಏಳೂ ಮಂದಿ ರಾಜೀನಾಮೆಯಿತ್ತು ಆಗ ಆಳುತ್ತಿದ್ದ ಕಾಂಗ್ರೆಸ್ಸನ್ನು ಸೇರಿದರು. ಒಂದು ಪ್ರಕರಣದಲ್ಲಿ ತೀವ್ರತೆ, ಮತ್ತೊಂದರಲ್ಲಿ ವಿಲಂಬ: ಎರಡರ ಫಲವೂ ಆಳುವ ಕಡೆಯವರಿಗೆ ಅನನುಕೂಲವಾಗಲಿಲ್ಲವೆಂಬುದನ್ನು ಇತಿಹಾಸಕಾರನು ಗಮನಿಸದೆ ಇರಲಾರನು. ಈ ದೋಷವು ಕೋಳಿವಾಡರೊಬ್ಬರದಲ್ಲ. ಅವರ ಹಿಂದಿನ ಹಾಗೂ ಮುಂದಿನ ಅನೇಕ ಪೀಠಾಧಿಪತಿಗಳಲ್ಲಿಯೂ ಕಂಡುಬರುವಂಥದು. ಇಂಥ ಅರ್ಜಿಗಳು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದುದು 2020ರ ಜನವರಿಯಲ್ಲಿ.

2018ರ ಮೇ ತಿಂಗಳ ಚುನಾವಣೆಯಲ್ಲಿ ಕೋಳಿವಾಡರು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಆರ್. ಶಂಕರರಿಗೆ ಸೋತರು. ಅವರ ಬಳಿಕ ಪೀಠವೇರಿದ ಕೆ. ಆರ್. ರಮೇಶಕುಮಾರರು 2019ರ ಜುಲೈಯಲ್ಲಿ ಅದೇ ಶಂಕರರನ್ನು ಅದೇ ಹತ್ತನೆಯ ಅನುಸೂಚಿಯ ಮೇರೆಗೆ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಒಪ್ಪಿ, ಮರಳಿ ಸ್ಪರ್ಧಿಸಲು ಇದ್ದ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಹೀಗೆ, ತಾವು ಪೀಠದಲ್ಲಿದ್ದಾಗ ತೀರ್ಪಿಗೆ ತರದೆ ಉಳಿಸಿದ ಕಾನೂನೇ ಇವರಿಗೆ ಸ್ವಕ್ಷೇತ್ರದಲ್ಲಿ ಉಪಚುನಾವಣೆಯೊಂದನ್ನು ಒದಗಿಸಿಕೊಟ್ಟಿತು. 2019ರ ಡಿಸೆಂಬರ್ 5ರಂದು ನಡೆದ ಆ ಉಪಚುನಾವಣೆಯಲ್ಲಿ ಕೋಳಿವಾಡರು ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ನಿಂತು, ಭಾರತೀಯ ಜನತಾ ಪಕ್ಷದ ಅರುಣಕುಮಾರ ಗುತ್ತೂರರ ಎದುರು ಇಪ್ಪತ್ತಮೂರು ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಪರಾಭವಗೊಂಡರು. 2023ರಲ್ಲಿ ರಾಣೆಬೆನ್ನೂರಿನ ಸ್ಥಾನವು ಅವರ ಪುತ್ರ ಪ್ರಕಾಶ ಕೋಳಿವಾಡರ ಮೂಲಕ ಮತ್ತೆ ಕಾಂಗ್ರೆಸ್ಸಿಗೆ ಬಂದಿತು.